ಎಂಟು ಆಟದ ಅಂಗಳ, ಬೀಗ ಬಿದ್ದ ಈಜುಕೊಳ

ನಮ್ಮ ಚಿಕ್ಕಮಗಳೂರಿನಷ್ಟು ದೊಡ್ಡ ಊರೊಂದನ್ನು ನೆನೆಸಿಕೊಳ್ಳಿ. ಆ ಊರಿನ ಅರ್ಧಕ್ಕೂ ಹೆಚ್ಚು ಜನ ಒಟ್ಟಿಗೆ ಕೂರಬಹುದಾದ ಕ್ರೀಡಾಂಗಣವೊಂದು ಅಲ್ಲಿ ಎದ್ದಿದೆ ಎಂದುಕೊಳ್ಳಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಇರುವುದು ಇದೇ ಲೆಕ್ಕ. 2020ರ ಗಣತಿಯ ಪ್ರಕಾರ ಊರಿನ ಜನಸಂಖ್ಯೆ ಸುಮಾರು 1.27 ಲಕ್ಷ. ಲೀವೈಸ್ ಸ್ಟೇಡಿಯಂನ ಆಸನಗಳು 68,500. ಇಂಟೆಲ್, ಎನ್‌ವಿಡಿಯಾ ಕಂಪನಿಗಳ ಕೇಂದ್ರ ಕಚೇರಿ ಇರುವ, ಎಲ್ ಕಮಿನೋ ರಸ್ತೆಯುದ್ದಕ್ಕೂ ಇಡ್ಲಿ ದೋಸೆ ಸಿಗುವ ಈ ಊರಿನಲ್ಲಿ ಕನ್ನಡಿಗರಿಗೂ ಕೊರತೆ ಇಲ್ಲ. 2014ರ ಬೇಸಿಗೆಯಲ್ಲಿ ಈ ಕ್ರೀಡಾಂಗಣ ಬಾಗಿಲು ತೆರೆಯಿತು. ಅದೇ ಬೇಸಿಗೆಯ ಕೊನೆಗೆ ಪಕ್ಕದ ಸ್ಯಾನ್ ಹೋಸೆಯಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನವೂ ನಡೆಯಿತು. ಆ ವರ್ಷ ಬಂದುಹೋದ ನೆಂಟರಿಷ್ಟರಿಗೆಲ್ಲ ನಾವು ತೋರಿಸಿದ ಹೊಸ ವಸ್ತು ಇದೇ ಆಗಿತ್ತು.

ಇಲ್ಲಿ ಆಡುವುದು ಅಮೆರಿಕನ್ ಫುಟ್‌ಬಾಲ್. ಆಡುವ ತಂಡದ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್. ಹೆಸರಿನ ಊರಿಗೂ ಆಟದ ಊರಿಗೂ ನಡುವೆ ಒಂದು ಗಂಟೆಯ ಕಾರು ಪ್ರಯಾಣ. ಊರಿಗೆ ಕೀರ್ತಿ ಬರುತ್ತದೆ ಎಂದು ಕ್ರೀಡಾಂಗಣ ಕಟ್ಟಿಸಿದರೆ ಟೀವಿಯಲ್ಲಿ ಮಾತ್ರ ಪಕ್ಕದ ಊರಿನ ಹೆಸರೇ ಬರುತ್ತದೆ, ಅದು ಬೇರೆ ಮಾತು. ಲೀಗ್ ಋತುವಿನಲ್ಲಿ ತವರಿನ ಪಂದ್ಯಗಳು ಎಂಟೋ ಒಂಬತ್ತೋ. ತುಮಕೂರಿನಿಂದ ಬಂದಿದ್ದ ನಮ್ಮ ಮಾವನವರು ಅದನ್ನು ಸುತ್ತು ಹಾಕಿ ನೋಡಿ, “ಇಷ್ಟು ದೊಡ್ಡದು ಕಟ್ಟಿ ವರ್ಷಕ್ಕೆ ಎಂಟು ದಿನ ಆಡ್ತಾರಾ? ಉಳಿದ ದಿನ ಏನ್ ಮಾಡ್ತಾರಪ್ಪಾ?” ಎಂದು ಕೇಳಿದ್ದರು. ಸಂಗೀತ ಕಛೇರಿ, ಬೇರೆ ಪಂದ್ಯ, ಕಂಪನಿಗಳ ಸಮಾರಂಭ ಎಂದೆಲ್ಲ ಹೇಳಿದೆವು. ಅವರು ಒಪ್ಪಿದಂತೆ ಕಾಣಲಿಲ್ಲ.

ಅವರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ: ಈ ದುಡ್ಡು ಯಾರದು?

2010ರ ಜೂನ್‌ನಲ್ಲಿ ಊರಿನವರ ಮುಂದೆ ‘ಮೆಷರ್ ಜೆ’ ಎಂಬ ಪ್ರಸ್ತಾವ ಬಂತು. ನಗರದ ಜಾಗವನ್ನು ಕ್ರೀಡಾಂಗಣಕ್ಕೆ ಗುತ್ತಿಗೆ ಕೊಡಬಹುದೇ ಎಂಬುದು ಪ್ರಶ್ನೆ. ಜೊತೆಗೆ ಭರವಸೆಗಳ ಸಾಲು ಇತ್ತು. ನಗರದ ಸಾಮಾನ್ಯ ಖಾತೆಯಿಂದ ಕಟ್ಟಡಕ್ಕೆ ಹಣ ಹೋಗುವುದಿಲ್ಲ, ನಿವಾಸಿಗಳ ಮೇಲೆ ಹೊಸ ತೆರಿಗೆ ಇಲ್ಲ, ಖರ್ಚು ಅಂದಾಜು ಮೀರಿದರೆ ಖಾಸಗಿಯವರೇ ಭರಿಸಬೇಕು. ನೂರಕ್ಕೆ 58 ಮಂದಿ ಹೌದು ಎಂದರು. ಆಗ ಹೇಳಿದ ಅಂದಾಜು 93.7 ಕೋಟಿ ಡಾಲರ್. ಮುಗಿಯುವ ಹೊತ್ತಿಗೆ ಅದು 130 ಕೋಟಿಯ ಆಸುಪಾಸಿಗೆ ಬಂದಿತ್ತು.

ಆ ಮತದಾನದ ದಿನ ನಮ್ಮಲ್ಲಿ ಹೆಚ್ಚಿನವರು ಆಫೀಸಿನಲ್ಲಿ ಇದ್ದೆವು. ಎಚ್-1ಬಿ ವೀಸಾದವರಿಗೆ, ಹಸಿರು ಕಾರ್ಡ್‌ನವರಿಗೆ ಮತ ಇಲ್ಲ. ಬಾಡಿಗೆ ಕೊಡುತ್ತಿದ್ದೆವು, ಕೆಲವರು ಆಗಲೇ ಮನೆ ಕೊಂಡು ಆಸ್ತಿ ತೆರಿಗೆಯನ್ನೂ ಕಟ್ಟುತ್ತಿದ್ದರು. ಊರಿನ ನಕ್ಷೆಯನ್ನೇ ಬದಲಾಯಿಸಿದ ತೀರ್ಮಾನವನ್ನು ನಾವು ಪತ್ರಿಕೆಯಲ್ಲಿ ಓದಿ ತಿಳಿದುಕೊಂಡೆವು.

ಭರವಸೆ ಉಳಿಯಿತೇ? ನ್ಯಾಯವಾಗಿ ಹೇಳಬೇಕೆಂದರೆ ಬಹುಮಟ್ಟಿಗೆ ಉಳಿಯಿತು. ಅಮೆರಿಕದ ಬೇರೆ ಎಷ್ಟೋ ಊರುಗಳಿಗೆ ಹೋಲಿಸಿದರೆ ಸಾಂಟಾ ಕ್ಲಾರಾದ ಒಪ್ಪಂದ ಜಾಣತನದ್ದೇ. ಕ್ರೀಡಾಂಗಣದ ಮಾಲೀಕತ್ವ ‘ಸ್ಟೇಡಿಯಂ ಅಥಾರಿಟಿ’ ಎಂಬ ಪ್ರತ್ಯೇಕ ಸಂಸ್ಥೆಯದು. ಬ್ಯಾಂಕುಗಳಿಂದ ಸುಮಾರು 85 ಕೋಟಿ ಡಾಲರ್ ಸಾಲಕ್ಕೆ ವ್ಯವಸ್ಥೆಯಾದದ್ದು ಅದರ ಹೆಸರಿನಲ್ಲಿ, ನಗರದ ಖಜಾನೆಯ ಹೆಸರಿನಲ್ಲಿ ಅಲ್ಲ. ಸಾಲ ತೀರುವುದು ತಂಡ ಕೊಡುವ ಬಾಡಿಗೆ, ಸೀಟು ಕಾಯ್ದಿರಿಸುವ ಹಕ್ಕಿನ ಮಾರಾಟ, ಹೆಸರಿನ ಹಕ್ಕು ಮುಂತಾದವುಗಳಿಂದ. ಹೆಸರಿಗಾಗಿಯೇ ಜೀನ್ಸ್ ಕಂಪನಿ ಲೀವೈ ಸ್ಟ್ರಾಸ್ 20 ವರ್ಷಕ್ಕೆ 22 ಕೋಟಿ ಡಾಲರ್ ಕೊಡಲು ಒಪ್ಪಿತು. ಬಾಡಿಗೆ ಕಡಿಮೆ ಮಾಡಿ ಎಂದು ತಂಡ ತಕರಾರು ತೆಗೆದಾಗ 2018ರಲ್ಲಿ ಮಧ್ಯಸ್ಥಗಾರರು ನಗರದ ಪರ ನಿಂತರು. ವರ್ಷಕ್ಕೆ ಸುಮಾರು 2.45 ಕೋಟಿ ಡಾಲರ್ ಇದ್ದ ಬಾಡಿಗೆ ಇಳಿಯುವ ಬದಲು ಚೂರು ಏರಿತು.

ಹಾಗಾದರೆ ದೂರು ಏನು ಎನ್ನುತ್ತೀರಾ? ಹಣದ ಸಣ್ಣ ಅಕ್ಷರಗಳಲ್ಲಿ ಒಂದಿಷ್ಟು ಇದೆ. ಮತದಾನದ ಹೊತ್ತಿಗೆ ಸಾರ್ವಜನಿಕರ ಪಾಲು ಎಂದು ಲೆಕ್ಕ ಹಾಕಿದ್ದು ಸುಮಾರು 11.4 ಕೋಟಿ ಡಾಲರ್. ಪುನರಭಿವೃದ್ಧಿ ನಿಧಿ, ಸುತ್ತಲಿನ ಹೋಟೆಲ್ ಕೊಠಡಿಗಳ ಮೇಲಿನ ತೆರಿಗೆ, ನಗರದ್ದೇ ಆದ ವಿದ್ಯುತ್ ಸಂಸ್ಥೆಯ ಸಬ್‌ಸ್ಟೇಷನ್ ಸ್ಥಳಾಂತರ, ಹೀಗೆ. ನಿವಾಸಿಗಳ ಮೇಲೆ ಹೊಸ ತೆರಿಗೆ ಅಲ್ಲ ನಿಜ, ಆದರೆ ಬೇರೆ ಕೆಲಸಕ್ಕೆ ಆಗುತ್ತಿದ್ದ ದುಡ್ಡಂತೂ ಹೌದು. ಇನ್ನು ನೆಲದ ಬಾಡಿಗೆ ಎಂದು ನಗರಕ್ಕೆ ನಿಗದಿಯಾದದ್ದು ಮೊದಲ ವರ್ಷ 1,80,000 ಡಾಲರ್. ಇಲ್ಲಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನ ಬಾಡಿಗೆ ಬಲ್ಲವರಿಗೆ ಇದು ಐದಾರು ಸಂಸಾರ ಕೊಡುವ ಮೊತ್ತ. ಫುಟ್‌ಬಾಲ್ ಟಿಕೆಟ್ ಒಂದಕ್ಕೆ 35 ಸೆಂಟ್‌ನಂತೆ ಹಿರಿಯರ ಮತ್ತು ಮಕ್ಕಳ ಕಾರ್ಯಕ್ರಮಗಳಿಗೆ ಹೋಗುತ್ತದೆ, ಅದಕ್ಕೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ನ ಮಿತಿ. ನೂರಾರು ಡಾಲರ್‌ನ ಟಿಕೆಟ್‌ನಲ್ಲಿ 35 ಸೆಂಟ್!

ಆದರೆ ನಮಗೆ ಕಂಡ ದೊಡ್ಡ ಬೆಲೆ ಡಾಲರಿನದ್ದಲ್ಲ. ಸ್ಟೇಡಿಯಂ ಅಥಾರಿಟಿಯ ಆಡಳಿತ ಮಂಡಳಿ ಎಂದರೆ ಮೇಯರ್ ಸೇರಿ ಅದೇ ಏಳು ಜನರ ನಗರಸಭೆ. ಮಂಗಳವಾರ ಸಂಜೆ ಸೇರುವ ಆ ಏಳು ಜನ ಮರಗಳ ಬಗ್ಗೆ, ಚರಂಡಿಯ ಬಗ್ಗೆ, ಗ್ರಂಥಾಲಯದ ಬಗ್ಗೆ ಮಾತಾಡಬೇಕು. ಅದೇ ಸಭೆಯಲ್ಲಿ ಕೋಟ್ಯಂತರ ಡಾಲರ್‌ನ ಕ್ರೀಡಾಂಗಣವನ್ನೂ ನಡೆಸಬೇಕು. ಕಛೇರಿ ರಾತ್ರಿ 10ಕ್ಕೆ ನಿಲ್ಲಬೇಕೇ 11ರವರೆಗೆ ಹೋಗಬಹುದೇ, ಪೊಲೀಸರ ಖರ್ಚು ಯಾರು ಕೊಡಬೇಕು, ನಿರ್ವಹಣೆಯ ಲೆಕ್ಕಪತ್ರ ತೋರಿಸಿ, ತೋರಿಸುವುದಿಲ್ಲ ಎಂಬ ಜಗಳದಲ್ಲಿ ವರ್ಷಗಳೇ ಹೋದವು. ನಿರ್ವಹಣೆಯ ಒಪ್ಪಂದದ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿ, 2022ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ತಂಡದವರು 2020 ಮತ್ತು 2022ರ ನಗರಸಭೆ ಚುನಾವಣೆಗಳಲ್ಲಿ ತಮಗೆ ಬೇಕಾದ ಅಭ್ಯರ್ಥಿಗಳ ಪರ ಲಕ್ಷಗಟ್ಟಲೆ ಡಾಲರ್ ಸುರಿದಿದ್ದರು. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ. ಲಕ್ಷ ಚಿಲ್ಲರೆ ಜನರ ಊರಿನಲ್ಲಿ ವಾರ್ಡಿನ ಚುನಾವಣೆಗೆ ಅಷ್ಟು ದುಡ್ಡು ಬಂದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

2022ರ ಅಕ್ಟೋಬರ್‌ನಲ್ಲಿ ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿ, ಅಂದರೆ ಒಂದು ವರ್ಷದ ಮಟ್ಟಿಗೆ ನೇಮಕವಾಗುವ ಸಾಮಾನ್ಯ ನಾಗರಿಕರ ತನಿಖಾ ಮಂಡಳಿ, ಈ ನಂಟಿನ ಬಗ್ಗೆ ವರದಿ ಕೊಟ್ಟಿತು. ಅದರ ತಲೆಬರಹದ ಅರ್ಥ ‘ಕ್ರೀಡಾ ಮನೋಭಾವಕ್ಕೆ ಒಪ್ಪದ ನಡತೆ’. ವರದಿ ಹೊರಬರುವ ಮೊದಲೇ ಸೋರಿಹೋಗಿತ್ತು. ಸೋರಿಸಿ, ಆಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಗರಸಭೆಯ ಸದಸ್ಯರೊಬ್ಬರು 2024ರ ಡಿಸೆಂಬರ್‌ನಲ್ಲಿ ತಪ್ಪಿತಸ್ಥರಾದರು.

ಈಗ ಈಜುಕೊಳದ ಕಥೆ. ಊರಿನ ಇನ್ನೊಂದು ಮಗ್ಗುಲಲ್ಲಿ ಜಾರ್ಜ್ ಹೇನ್ಸ್ ಅಂತರರಾಷ್ಟ್ರೀಯ ಈಜು ಕೇಂದ್ರ ಇದೆ. ಹೇನ್ಸ್ ಎಂಬ ತರಬೇತುದಾರರು 1951ರಲ್ಲಿ ಕಟ್ಟಿದ ಸಾಂಟಾ ಕ್ಲಾರಾ ಸ್ವಿಮ್ ಕ್ಲಬ್‌ನ ಮನೆ ಅದು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಡಾನ್ ಷೋಲಂಡರ್, ಅದೇ ಕೂಟದಲ್ಲಿ ಚಿನ್ನ ಗೆದ್ದ ಡೊನ್ನಾ ಡಿ ವರೋನಾ ಈ ಕ್ಲಬ್ಬಿನವರು. 1972ರ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಹುಡುಗನಾಗಿದ್ದಾಗ ಪಳಗಿದ್ದೂ ಹೇನ್ಸ್ ಕೈಯಲ್ಲೇ. ಊರಿಗೆ ಜಗತ್ತಿನಲ್ಲಿ ಕ್ರೀಡೆಯ ಹೆಸರು ಬಂದದ್ದು ಈ ನೀರಿನಿಂದ, ಅದೂ ಸ್ವಂತ ಹೆಸರಿನಲ್ಲಿ. ನಮ್ಮ ಕನ್ನಡದ ಮಕ್ಕಳಿಗೂ ಇಲ್ಲಿ ಈಜು ಎಂದರೆ ಭರತನಾಟ್ಯ, ಗಣಿತದ ಕ್ಲಾಸಿನಷ್ಟೇ ಖಾಯಂ. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವ ಮಗುವನ್ನು ಅಭ್ಯಾಸಕ್ಕೆ ಕರೆದೊಯ್ಯುವ ಅಪ್ಪಂದಿರು ಎಷ್ಟು ಜನ ಬೇಕು?

ಆ ಕೇಂದ್ರ ಹಳತಾಗಿದೆ, ಹೊಸದು ಬೇಕು ಎಂಬ ಮಾತು ಎಷ್ಟೋ ವರ್ಷಗಳಿಂದ ಇತ್ತು. ಫ್ಲಾರಿಡಾದಲ್ಲಿದ್ದ ಅಂತರರಾಷ್ಟ್ರೀಯ ಈಜುಗಾರರ ಹಾಲ್ ಆಫ್ ಫೇಮ್ ಸಂಗ್ರಹಾಲಯವನ್ನು ಇಲ್ಲಿಗೆ ತಂದು, ಜೊತೆಯಲ್ಲೇ ಹೊಸ ಕೊಳ ಕಟ್ಟುವ ಯೋಜನೆಯೂ ಒಮ್ಮೆ ಬಂದಿತ್ತು. ಅದು ಕೈಗೂಡಲಿಲ್ಲ. 2024ರ ಜನವರಿಯಲ್ಲಿ ಕಟ್ಟಡದ ಸುರಕ್ಷತೆ ಸರಿಯಿಲ್ಲ ಎಂದು ನಗರವೇ ಕೇಂದ್ರಕ್ಕೆ ಬೀಗ ಹಾಕಿತು. ಮಕ್ಕಳು ಬೇರೆ ಬೇರೆ ಕೊಳಗಳಿಗೆ, ಪಕ್ಕದ ಊರುಗಳಿಗೆ ಹಂಚಿಹೋದರು.

ಕ್ರೀಡಾಂಗಣ ಕಟ್ಟಿದ್ದರಿಂದ ಈಜುಕೊಳ ಮುಚ್ಚಿತು ಎಂದರೆ ಅದು ತಪ್ಪಾಗುತ್ತದೆ. ಕ್ರೀಡಾಂಗಣದ ದುಡ್ಡು ಈಜುಕೊಳದ ದುಡ್ಡಲ್ಲ, ಎರಡರ ಖಾತೆಯೂ ಬೇರೆ. ಸಮಸ್ಯೆ ಇರುವುದೂ ಅಲ್ಲೇ ಎಂದು ನಮಗೆ ಅನ್ನಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವ ಅವಕಾಶ ಊರಿಗೆ ಒಮ್ಮೆಯೂ ಬರಲಿಲ್ಲ. ‘ಕ್ರೀಡಾಂಗಣ ಬೇಕೋ, ಈಜುಕೊಳ, ಅಗ್ನಿಶಾಮಕ ಠಾಣೆ, ಮಳೆ ನೀರಿನ ಚರಂಡಿ ಬೇಕೋ’ ಎಂದು ಮತಪತ್ರ ಕೇಳಲಿಲ್ಲ. ‘ಕ್ರೀಡಾಂಗಣ ಬೇಕೋ ಬೇಡವೋ, ನಿಮಗೆ ಖರ್ಚಿಲ್ಲ’ ಎಂದಿತು. ಖರ್ಚಿಲ್ಲದೆ ಸಿಗುವುದನ್ನು ಬೇಡ ಎನ್ನುವವರು ಕಡಿಮೆ.

ಉಳಿದ ಬಡಪಾಯಿ ಕೆಲಸಗಳ ಸರದಿ ಬಂದದ್ದು 2024ರ ನವೆಂಬರ್‌ನಲ್ಲಿ, ‘ಮೆಷರ್ ಐ’ ಎಂಬ ಹೆಸರಿನಲ್ಲಿ. 40 ಕೋಟಿ ಡಾಲರ್‌ನ ಬಾಂಡ್. ರಸ್ತೆ, ಕಾಲುದಾರಿ, ಮಳೆ ನೀರಿನ ಕಾಲುವೆ, ಅಗ್ನಿಶಾಮಕ ಠಾಣೆ, ಉದ್ಯಾನ, ಹಿರಿಯರ ಕೇಂದ್ರ, ಈಜುಕೊಳ ಎಲ್ಲ ಅದರಲ್ಲಿ. ಇಲ್ಲಿ ‘ನಿಮಗೆ ಖರ್ಚಿಲ್ಲ’ ಎಂಬ ಮಾತಿಲ್ಲ. ಆಸ್ತಿಯ ಪ್ರತಿ ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ ಸುಮಾರು 19 ಡಾಲರ್ ತೆರಿಗೆ ಎಂದು ಮತಪತ್ರದಲ್ಲೇ ಬರೆದಿತ್ತು. ತೆರಿಗೆಯ ಲೆಕ್ಕದಲ್ಲಿ 15 ಲಕ್ಷ ಡಾಲರ್ ಮೌಲ್ಯದ ಮನೆಗೆ, ಇಲ್ಲಿ ಅದೇನೂ ಬಂಗಲೆಯಲ್ಲ, 285 ಡಾಲರ್ ಆಯಿತು.

ಇನ್ನೊಂದು ವಿಚಿತ್ರ ಕೇಳಿ. ಕ್ರೀಡಾಂಗಣದ ಪ್ರಸ್ತಾವ ಗೆಲ್ಲಲು ಅರ್ಧಕ್ಕಿಂತ ಒಂದು ಮತ ಹೆಚ್ಚು ಬಿದ್ದರೆ ಸಾಕಿತ್ತು. ಆಸ್ತಿ ತೆರಿಗೆಯಿಂದ ತೀರಿಸುವ ನಗರದ ಬಾಂಡ್ ಗೆಲ್ಲಲು ಕ್ಯಾಲಿಫೋರ್ನಿಯಾದಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಕ್ರೀಡಾಂಗಣಕ್ಕೆ ಬಿದ್ದ ನೂರಕ್ಕೆ 58 ಮತ ಅಗ್ನಿಶಾಮಕ ಠಾಣೆಗೆ ಬಿದ್ದಿದ್ದರೆ ಠಾಣೆ ಸೋಲುತ್ತಿತ್ತು! ಈ ಗೆರೆಯನ್ನು ನೂರಕ್ಕೆ 55ಕ್ಕೆ ಇಳಿಸಲು ಅದೇ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಮತ ಕೇಳಿದ್ದರು. ರಾಜ್ಯದ ಜನ ಬೇಡ ಎಂದರು. ಮೆಷರ್ ಐ ಮಾತ್ರ ಎತ್ತರದ ಗೆರೆಯನ್ನೇ ದಾಟಿ ಗೆದ್ದಿತು. 2010ರಲ್ಲಿ ಮತ ಇಲ್ಲದಿದ್ದ ನಮ್ಮವರಲ್ಲಿ ಹಲವರು ಅಷ್ಟರಲ್ಲಿ ಪೌರತ್ವ ಪಡೆದಿದ್ದರು. ಅಡುಗೆಮನೆಯ ಮೇಜಿನ ಮೇಲೆ ಅಂಚೆ ಮತಪತ್ರ ಹರಡಿಕೊಂಡು, ಅಧ್ಯಕ್ಷರ ಹೆಸರಿನ ಪುಟ ದಾಟಿ, ಹಿಂಬದಿಯ ಈ ಸಾಲಿನ ಮುಂದೆ ಗಂಡ ಹೆಂಡತಿ ವಾದ ಮಾಡಿದ ಮನೆಗಳು ನಮಗೆ ಗೊತ್ತು. “ಇನ್ನೂ ತೆರಿಗೆಯಾ?” ಎಂದವರೂ ಇದ್ದರು. ಅವರ ಮಾತೂ ಸುಳ್ಳಲ್ಲ.

ಮಕ್ಕಳ ವಿಷಯ ಬಂದಾಗ ಕ್ರೀಡಾಂಗಣದ ಮಗ್ಗುಲಿನ ಯೂತ್ ಸಾಕರ್ ಪಾರ್ಕ್ ನೆನಪಾಗುತ್ತದೆ. 2015ರಲ್ಲಿ ಅದನ್ನು ಪಾರ್ಕಿಂಗಿಗಾಗಿ ದೀರ್ಘಾವಧಿ ಗುತ್ತಿಗೆಗೆ ಕೊಡಿ, ಒಂದೂವರೆ ಕೋಟಿ ಡಾಲರ್ ಕೊಡುತ್ತೇವೆ ಎಂದು ತಂಡ ಕೇಳಿತ್ತು. ಮಕ್ಕಳು, ಅಪ್ಪ ಅಮ್ಮಂದಿರು ಜೆರ್ಸಿ ಹಾಕಿಕೊಂಡು ಸಭೆಗೆ ಬಂದು ಗಲಾಟೆ ಮಾಡಿದ ಮೇಲೆ ಆ ಮಾತು ತಣ್ಣಗಾಯಿತು. ಆದರೂ 2016ರ ಫೆಬ್ರುವರಿ 7ರ ಸೂಪರ್ ಬೌಲ್‌ಗೆ ಮಾಧ್ಯಮದವರ ಶಿಬಿರ ಹಾಕಿದ್ದು ಅದೇ ಹುಲ್ಲಿನ ಮೇಲೆ. ಮಕ್ಕಳ ಲೀಗ್ ನ್ಯಾಯಾಲಯಕ್ಕೆ ಹೋಯಿತು, ತಡೆ ಸಿಗಲಿಲ್ಲ. ಆ ವಾರಗಳಲ್ಲಿ ಆಟ ಬೇರೆ ಕಡೆ.

ಒಳ್ಳೆಯದೂ ಇಲ್ಲವೆಂದಲ್ಲ. ಎರಡು ಸೂಪರ್ ಬೌಲ್‌ಗೆ, 2026ರ ವಿಶ್ವಕಪ್ ಫುಟ್‌ಬಾಲ್‌ನ ಆರು ಪಂದ್ಯಗಳಿಗೆ ಆಯ್ಕೆಯಾದ ಅಂಗಳ ಇದು. 2023ರ ಜುಲೈನಲ್ಲಿ ಟೇಲರ್ ಸ್ವಿಫ್ಟ್ ಎರಡು ದಿನ ಹಾಡಿದಾಗ ನಗರ ತನ್ನ ಹೆಸರನ್ನೇ ‘ಸ್ವಿಫ್ಟಿ ಕ್ಲಾರಾ’ ಎಂದು ಬದಲಾಯಿಸಿಕೊಂಡು ಆಕೆಯನ್ನು ಗೌರವ ಮೇಯರ್ ಮಾಡಿತು. ನಮ್ಮ ಮನೆಯ ಹುಡುಗಿಯರಿಗೆ ಅದೇ ಯುಗಾದಿ, ಅದೇ ದೀಪಾವಳಿ. ಒಳಗೆ ಟಿಕೆಟ್ ಸಿಗದವರು ಹೊರಗಿನ ಪಾರ್ಕಿಂಗಿನಲ್ಲೇ ಕುಣಿದರು. ಪೂರ್ವ ಭಾಗದ ಸೀಟು ಸಿಕ್ಕಿದರೆ ಮಧ್ಯಾಹ್ನದ ಬಿಸಿಲು ಸುಟ್ಟು ಬಿಡುತ್ತದೆ ಎಂಬ ದೂರು ಮಾತ್ರ ಮೊದಲ ವರ್ಷದಿಂದ ಹಾಗೇ ಇದೆ.

ಇಂಥ ಜಾತ್ರೆಯಿಂದ ಊರಿನ ವ್ಯಾಪಾರ ಬೆಳೆಯುವುದಿಲ್ಲವೇ? ಇದನ್ನು ದಶಕಗಟ್ಟಲೆ ಅಳೆದು ನೋಡಿದವರು ಇಲ್ಲಿಯೇ ಹತ್ತಿರದಲ್ಲಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರೋಜರ್ ನೋಲ್, ಆಂಡ್ರೂ ಜಿಂಬಲಿಸ್ಟ್ ಜೊತೆ 1997ರಲ್ಲೇ ಒಂದು ಗ್ರಂಥ ಸಂಪಾದಿಸಿದರು. ಅಲ್ಲಿಂದ ಇಲ್ಲಿಯವರೆಗೆ ಬಂದ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ. ಊರಿಗೆ ಬರುವ ಲಾಭ ಹೇಳಿದಷ್ಟು ಇರುವುದಿಲ್ಲ, ಕೊಟ್ಟ ಸಹಾಯಧನಕ್ಕೆ ಸಮವೂ ಆಗುವುದಿಲ್ಲ. ಕಾರಣ ಸರಳ. ಮನೆಯ ಮನರಂಜನೆಯ ದುಡ್ಡು ಇಷ್ಟೇ ಎಂದು ಇರುತ್ತದೆ. ಈ ಭಾನುವಾರ ಪಂದ್ಯಕ್ಕೆ ಹೋದ ಸಂಸಾರ ಮುಂದಿನ ಎರಡು ಭಾನುವಾರ ಸನಿವೇಲಿನ ದೋಸೆ ಹೋಟೆಲಿಗೆ ಹೋಗುವುದಿಲ್ಲ. ಹೋಟೆಲಿನವರ ಸಂಪಾದನೆ ಊರಿನಲ್ಲೇ ತಿರುಗುತ್ತದೆ. ಆಟಗಾರರ, ಮಾಲೀಕರ ಸಂಪಾದನೆ ಎಲ್ಲೆಲ್ಲಿಗೋ ಹೋಗುತ್ತದೆ.

ಬೇಡ ಎಂದವರಿಗೆ ಏನಾಯಿತು ಎಂಬುದಕ್ಕೂ ಇದೇ ಕೊಲ್ಲಿಯ ಸುತ್ತ ಉದಾಹರಣೆಗಳಿವೆ. ಬೇಸ್‌ಬಾಲ್ ತಂಡ ಜೈಂಟ್ಸ್ ತೆರಿಗೆ ಹಣದಲ್ಲಿ ಕ್ರೀಡಾಂಗಣ ಕೇಳಿದಾಗ ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ಎರಡು ಸಲ, ಆಮೇಲೆ ನಮ್ಮ ಸಾಂಟಾ ಕ್ಲಾರಾ ಕೌಂಟಿಯವರು 1990ರಲ್ಲಿ, ಸ್ಯಾನ್ ಹೋಸೆಯವರು 1992ರಲ್ಲಿ ಇಲ್ಲ ಎಂದರು. ಕೊನೆಗೆ ತಂಡ ಖಾಸಗಿ ದುಡ್ಡಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ದಡದಲ್ಲಿ ಕಟ್ಟಿಕೊಂಡಿತು, 2000ದಲ್ಲಿ ತೆರೆಯಿತು. ಕೊಲ್ಲಿಯ ಆಚೆಯ ಓಕ್‌ಲ್ಯಾಂಡ್ 1995ರಲ್ಲಿ ರೇಡರ್ಸ್ ತಂಡವನ್ನು ವಾಪಸು ಕರೆತರಲು ಸಾಲ ಮಾಡಿ ಕೊಲಿಸಿಯಂ ಕ್ರೀಡಾಂಗಣವನ್ನು ಹಿಗ್ಗಿಸಿತು. 2020ರಲ್ಲಿ ರೇಡರ್ಸ್ ಲಾಸ್ ವೇಗಸ್‌ಗೆ ಹೋದರೂ ಸಾಲದ ಕಂತು ಊರಿಗೇ ಉಳಿಯಿತು. ಅದಕ್ಕೆ ಮುಂಚೆ ಬ್ಯಾಸ್ಕೆಟ್‌ಬಾಲ್ ತಂಡ, 2024ರ ಋತು ಮುಗಿದ ಮೇಲೆ ಬೇಸ್‌ಬಾಲ್ ತಂಡ, ಹೀಗೆ ಮೂರೂ ಹೋದವು. ಖಾಲಿಯಾದ ಅದೇ ಕೊಲಿಸಿಯಂನಲ್ಲಿ 2025ರ ಜೂನ್‌ನಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಯಿತು. ಫಿನ್ ಅಲೆನ್ 151 ಹೊಡೆದ ರಾತ್ರಿ ಸ್ಟ್ಯಾಂಡಿನಲ್ಲಿ ಕನ್ನಡವೂ ಕೇಳಿಸುತ್ತಿತ್ತು.

ಇಲ್ಲಿ ನಮ್ಮ ಮನಸ್ಸಿನ ಸಣ್ಣ ಗುಟ್ಟೂ ಇದೆ. ಕೌಂಟಿಯ ಫೇರ್‌ಗ್ರೌಂಡ್ಸ್ ಜಾಗದಲ್ಲಿ ಕ್ರಿಕೆಟ್ ಕ್ರೀಡಾಂಗಣ ಕಟ್ಟುವ ಮಾತುಕತೆ ಕೆಲ ಕಾಲ ನಡೆಯಿತು. ಫುಟ್‌ಬಾಲ್ ಅಂಗಳದ ಬಗ್ಗೆ ಇಷ್ಟೆಲ್ಲ ಲೆಕ್ಕ ಕೇಳಿದ ನಮ್ಮ ಸ್ನೇಹಿತರಲ್ಲಿ ಎಷ್ಟೋ ಜನ ಆಗ ಲೆಕ್ಕ ಕೇಳದೆ ಜೈ ಎಂದಿದ್ದರು. ತಮ್ಮ ಆಟ ಬಂದಾಗ ತಕ್ಕಡಿಯ ಮುಳ್ಳು ಎಲ್ಲರಿಗೂ ಸ್ವಲ್ಪ ವಾಲುತ್ತದೆ.

ಊರಿನ ಕಡೆಯಿಂದಲೂ ಈಗ ಇದೇ ಸುದ್ದಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜನ ಜೀವ ಕಳೆದುಕೊಂಡ ಮೇಲೆ, ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಗೃಹ ಮಂಡಳಿಯ ಮೂಲಕ, ಸುಮಾರು 1,650 ಕೋಟಿ ರೂಪಾಯಿಯ ಯೋಜನೆ. ಆ ದಿನ ಜನ ಸತ್ತದ್ದು ಸೀಟು ಸಾಲದ್ದಕ್ಕೋ, ಗೇಟು ಮತ್ತು ಗುಂಪನ್ನು ನೋಡಿಕೊಳ್ಳುವವರು ಸಾಲದ್ದಕ್ಕೋ ಎಂಬುದು ನಮ್ಮನ್ನು ಕಾಡುವ ಪ್ರಶ್ನೆ. ಆನೇಕಲ್ ಕಡೆ ಸೈಟು ಮಾಡಿಟ್ಟ ಅನಿವಾಸಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ್ದು ಸೈಟಿನ ಬೆಲೆ ಎಷ್ಟು ಏರಬಹುದು ಎಂಬ ಮಾತು. ಪಂದ್ಯದ ದಿನ ಪೊಲೀಸರ ಖರ್ಚು ಯಾರದು, ಉಳಿದ ದಿನ ಮೈದಾನ ಯಾರಿಗೆ, ಅದೇ ಹಣದಲ್ಲಿ ಆಗಬೇಕಾದ ಕೆರೆ, ಆಸ್ಪತ್ರೆ, ಬಸ್ಸು ಯಾವ ಸಾಲಿನಲ್ಲಿ ನಿಂತಿವೆ ಎಂದು ಕೇಳಿದವರನ್ನು ನಾವು ಅಲ್ಲಿ ಕಾಣಲಿಲ್ಲ. ಸಾಂಟಾ ಕ್ಲಾರಾದಲ್ಲಿ ಈ ಪ್ರಶ್ನೆಗಳಿಗೆ ಕಟ್ಟಿದ ಮೇಲೆ ಉತ್ತರ ಹುಡುಕಲು ಹೋಗಿ ಊರು ಹತ್ತು ವರ್ಷ ಕೋರ್ಟು, ಸಭೆ ಎಂದು ಅಲೆಯಿತು.

ಈಗ ಇಲ್ಲಿನ ಮುಂದಿನ ಕೆಲಸ ಮೆಷರ್ ಐ ಹಣವನ್ನು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಹಂಚುವುದು. 40 ಕೋಟಿ ಎಂದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ ಕಾಯುತ್ತಿರುವ ಕೆಲಸಗಳ ಪಟ್ಟಿ ಅದಕ್ಕಿಂತ ಉದ್ದ. ಈಜುಕೊಳದವರು, ಅಗ್ನಿಶಾಮಕದವರು, ಚರಂಡಿಯವರು ಎಲ್ಲರೂ ಸಾಲಿನಲ್ಲಿದ್ದಾರೆ. ಅದನ್ನು ನಿರ್ಧರಿಸುವುದೂ ಮಂಗಳವಾರ ಸಂಜೆಯ ಅದೇ ಏಳು ಜನ. ಆ ಸಭೆಯಲ್ಲಿ ಎದ್ದು ನಿಂತು ಎರಡು ಮೂರು ನಿಮಿಷ ಮಾತಾಡಲು ಪೌರತ್ವ ಬೇಕಿಲ್ಲ, ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಲಾಗದವರು ಮನೆಯಿಂದಲೇ ಇಂಟರ್‌ನೆಟ್‌ನಲ್ಲಿ ಸಭೆ ನೋಡಬಹುದು, ಅಭಿಪ್ರಾಯ ಬರೆದು ಕಳುಹಿಸಬಹುದು. ಕಾರ್ಯಸೂಚಿಯಲ್ಲಿ ಈಜುಕೊಳ ಇರುವ ದಿನ ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗುವುದೆಂದು ನಮ್ಮ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ.